ಕಥೆಯ ಕೋಟೆಗೂ ಬಾವಿಯೊಂದು ಬೇಕು

ಬೆಟ್ಟದ ನೆತ್ತಿಯಲ್ಲಿ ಮುಗಿಲನ್ನು ಮುಟ್ಟುವ ಬಿಳಿಯ ಗೋಪುರಗಳು, ಮೊನಚಾದ ನೀಲಿಯ ಛಾವಣಿಗಳು, ಕೆಳಗೆ ಕಾಡು, ಕೊಳ್ಳ, ಮಂಜು. ಯೂರೋಪಿನ ಮಧ್ಯಯುಗವನ್ನು ಹಿನ್ನೆಲೆಯಾಗಿಟ್ಟುಕೊಂಡು ಅದ್ಭುತಕಥೆಯೊಂದನ್ನು ಬರೆಯಹೊರಟ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಕಟ್ಟುವ ಕೋಟೆ ಇದು. ಈ ಚಿತ್ರವು ನಮಗೆ ಎಲ್ಲಿಂದ ಬಂದಿತೆಂದು ಹುಡುಕುತ್ತ ಹೋದರೆ ಬವೇರಿಯದ ನಾಯ್‌ಶ್ವಾನ್‌ಸ್ಟೈನ್ ಅರಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ. ಅದನ್ನು ಕಟ್ಟಿಸತೊಡಗಿದವನು ಎರಡನೆಯ ಲುಡ್ವಿಗ್ ದೊರೆ, ತೊಡಗಿದ್ದು 1869ರಲ್ಲಿ. ಆ ವೇಳೆಗೆ ಬವೇರಿಯದಲ್ಲಿ ರೈಲುಗಾಡಿ ಓಡತೊಡಗಿ ಮೂವತ್ತು ವರ್ಷಗಳ ಮೇಲಾಗಿತ್ತು! ಅರಮನೆಯ ಮೊದಮೊದಲ ಕಲ್ಪನಾಚಿತ್ರಗಳನ್ನು ಬರೆದುಕೊಟ್ಟವನು ಕ್ರಿಸ್ಟಿಯಾನ್ ಯಾಂಕ್ ಎಂಬಾತ. ಆತನು ವಾಸ್ತುಶಿಲ್ಪಿಯಲ್ಲ, ನಾಟಕದ ಪರದೆಗಳನ್ನು ಬರೆಯುವ ಚಿತ್ರಕಾರ. 1955ರಲ್ಲಿ ಅಮೆರಿಕದಲ್ಲಿ ತೆರೆದ ಡಿಸ್ನಿಲ್ಯಾಂಡಿನ ಕೋಟೆಯು ಇದರಿಂದಲೇ ಸ್ಫೂರ್ತಿಯನ್ನು ಪಡೆಯಿತು. ಅಲ್ಲಿಂದ ಮುಂದೆ ಚಲನಚಿತ್ರ, ಆಟಿಕೆ, ಮಕ್ಕಳ ಪುಸ್ತಕಗಳ ಮೂಲಕ ಲೋಕವನ್ನೆಲ್ಲ ಸುತ್ತಿತು.

ನಾಟಕದ ಪರದೆಯ ಮುಂದೆ ನಾಟಕದ ಪಾತ್ರಗಳೇ ನಿಲ್ಲುವುದು ಸಹಜ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರುವ ಇಂಥ ಕಥೆಗಳಲ್ಲಿ ವೀರನಾದ ರಾಜಕುಮಾರ, ಗೋಪುರದಲ್ಲಿ ಸೆರೆಯಾದ ರಾಜಕುಮಾರಿ, ಬಿಳಿಗಡ್ಡದ ಮಾಂತ್ರಿಕ, ದ್ರೋಹಿಯಾದ ಮಂತ್ರಿ, ಈ ನಾಲ್ವರನ್ನು ಬಿಟ್ಟರೆ ಇಡೀ ಕೋಟೆಯಲ್ಲಿ ಇನ್ನೊಂದು ನರಪಿಳ್ಳೆಯಿರುವುದಿಲ್ಲ. ಬರೆದವರಿಗೆ ಪ್ರತಿಭೆ ಇಲ್ಲವೆಂದಲ್ಲ. ಅವರು ಕಲ್ಪಿಸಿದ ಕೋಟೆಯಲ್ಲಿ ಯಾರಿಗೂ ಮಾಡಲು ಕೆಲಸವಿಲ್ಲ, ಅಷ್ಟೆ. ಮಧ್ಯಯುಗದ ನಿಜವಾದ ಕೋಟೆಯಾದರೋ ಒಂದು ಯಂತ್ರ. ಅದು ನೀರನ್ನೂ ಧಾನ್ಯವನ್ನೂ ಸೌದೆಯನ್ನೂ ತಿಂದು, ಕಾಲವನ್ನು ಉತ್ಪಾದಿಸುತ್ತಿತ್ತು. ಸಹಾಯಕ್ಕೆ ಸೈನ್ಯವು ಬರುವವರೆಗೆ ಹಗೆಯನ್ನು ಹೊರಗೇ ತಡೆದು ನಿಲ್ಲಿಸುವ ಕಾಲವದು. ಈ ಯಂತ್ರವು ಹೇಗೆ ನಡೆಯುತ್ತದೆಂಬುದನ್ನು ಅರಿತು, ಸ್ವಲ್ಪ ಲೆಕ್ಕವನ್ನೂ ಹಾಕಿದರೆ, ಕಥೆಗೆ ಬೇಕಾದ ಜನರು ಆ ಲೆಕ್ಕದೊಳಗಿಂದಲೇ ಎದ್ದು ಬರುತ್ತಾರೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಚಿತ್ರದುರ್ಗವನ್ನೋ ಶ್ರೀರಂಗಪಟ್ಟಣವನ್ನೋ ಕಂಡವರಿಗೆ ಕೋಟೆಯೆಂದರೆ ಊರನ್ನೂ ಪೇಟೆಯನ್ನೂ ದೇವಾಲಯಗಳನ್ನೂ ಒಳಗೊಂಡ ಸುತ್ತುಗೋಡೆ. ಯೂರೋಪಿನ ‘ಕ್ಯಾಸಲ್’ ಸಾಮಾನ್ಯವಾಗಿ ಇಷ್ಟು ದೊಡ್ಡದಲ್ಲ. ಅದು ಒಬ್ಬ ಒಡೆಯನ ಮನೆ. ಅವನ ಸಂಸಾರ, ಆಳುಕಾಳು, ಕೆಲವೇ ಮಂದಿ ಸೈನಿಕರು ಇರತಕ್ಕ ಗಟ್ಟಿಮುಟ್ಟಾದ ಮನೆ. ಊರು ಹೊರಗಿರುತ್ತದೆ. ಈ ಹೊರಗು ಒಳಗುಗಳ ಭೇದವು ಮುಂದೆ ನಮಗೆ ಬೇಕಾಗುತ್ತದೆ.

ಕೋಟೆಯನ್ನೂ ಪಾತ್ರವನ್ನೂ ಒಟ್ಟಿಗೆ ಕಲ್ಪಿಸುವುದು ಹೇಗೆಂಬುದಕ್ಕೆ ಕಥೆಗಾರರಿಗಿಂತ ಒಳ್ಳೆಯ ಉದಾಹರಣೆಯನ್ನು ಒದಗಿಸಿದವರು ಫ್ರಾನ್ಸಿನ ಕಲ್ಲುಕೆಲಸದವರು. ಬರ್ಗಂಡಿ ಪ್ರಾಂತದ ಗೆಡೆಲೋನ್ ಎಂಬಲ್ಲಿ, ಹಾಳುಬಿದ್ದ ಕಲ್ಲುಗಣಿಯೊಂದರಲ್ಲಿ, 1997ರಲ್ಲಿ ಹೊಸದಾಗಿ ಒಂದು ಹಳೆಯ ಕೋಟೆಯನ್ನು ಕಟ್ಟಲು ತೊಡಗಿದರು. ಹಳೆಯ ಕೋಟೆಗಳನ್ನು ಜೀರ್ಣೋದ್ಧಾರ ಮಾಡಿ ಅನುಭವವಿದ್ದ ಮಿಶೆಲ್ ಗಿಯೋ ಎಂಬವರದು ಈ ಯೋಜನೆ. ಹದಿಮೂರನೆಯ ಶತಮಾನದ ಉಪಕರಣಗಳಿಂದ, ಅಂದಿನ ವಿಧಾನಗಳಿಂದಲೇ ಕಟ್ಟಬೇಕೆಂಬುದು ನಿಯಮ. (ಕೆಲಸಗಾರರ ಸುರಕ್ಷತೆಯ ವಿಷಯದಲ್ಲಿ ಮಾತ್ರ ಇಂದಿನ ಕಾಯಿದೆಗಳಿಗೆ ಮಣಿದಿದ್ದಾರೆ, ಅದು ಯುಕ್ತವೇ.) ಕಲ್ಲು ಅಲ್ಲಿಯೇ ದೊರೆಯುತ್ತದೆ, ಓಕ್ ಮರಗಳ ಕಾಡು ಸುತ್ತಲೂ ಇದೆ, ಜೇಡಿಮಣ್ಣೂ ನೀರೂ ಹತ್ತಿರದಲ್ಲಿವೆ. ಆದರೆ ಯಾವ ಬಗೆಯ ಕೋಟೆ? ಎಷ್ಟು ದೊಡ್ಡದು? ಇದನ್ನು ನಿರ್ಧರಿಸಲು ಅವರು ಮಾಡಿದ ಉಪಾಯ ಸ್ವಾರಸ್ಯವಾಗಿದೆ. ಅವರು ಗಿಲ್ಬೆರ್ ಎಂಬ ಒಡೆಯನೊಬ್ಬನನ್ನು ಕಲ್ಪಿಸಿದರು.

ಇತಿಹಾಸದಲ್ಲಿ ಈ ಗಿಲ್ಬೆರ್ ಇರಲೇ ಇಲ್ಲ. ಆದರೆ ಅವನಿಗೆ ಒಂದು ಅಂತಸ್ತನ್ನು ಗೊತ್ತುಪಡಿಸಿದರು: ಅವನು ಮಹಾರಾಜನಲ್ಲ, ಸಾಮಂತನ ಕೈಕೆಳಗಿನ ಸಣ್ಣ ಸಾಮಂತ. ಒಂದು ಕಾಲವನ್ನು ಗೊತ್ತುಪಡಿಸಿದರು: 1228ನೆಯ ಇಸವಿಯಲ್ಲಿ ಅವನಿಗೆ ಕೋಟೆ ಕಟ್ಟಲು ಅಪ್ಪಣೆ ದೊರೆಯಿತು. ಹಣವನ್ನೂ ಗೊತ್ತುಪಡಿಸಿದರು: ಅದು ಹೆಚ್ಚಿಲ್ಲ. ಇಷ್ಟಾದ ಮೇಲೆ ಕೋಟೆಯ ಬಹುಭಾಗ ತಾನಾಗಿಯೇ ನಿಶ್ಚಿತವಾಯಿತು. ಇಂಥವನ ಕೋಟೆಗೆ ನೀರು ತುಂಬಿದ ಅಗಲವಾದ ಕಂದಕವು ಸಲ್ಲದು; ಒಣ ಕಂದಕವೇ ಸಾಕು. ಸರಪಣಿಯಿಂದ ಎತ್ತುವ ಸೇತುವೆಯಿಲ್ಲ. ಕದಲದ ಮರದ ಸೇತುವೆಯಷ್ಟೆ. ಮೂಲೆಗಳಲ್ಲಿ ದುಂಡಾದ ಬುರುಜುಗಳು, ಬಾಣ ಬಿಡಲು ಕಿಂಡಿಗಳು, ಏಕೆಂದರೆ ಆ ಕಾಲದ ಫ್ರಾನ್ಸಿನಲ್ಲಿ ಫಿಲಿಪ್ ಆಗಸ್ಟಸ್ ದೊರೆಯು ರೂಢಿಗೆ ತಂದ ಮಾದರಿಯೇ ಅದು. ‘ಇದು ಗಿಲ್ಬೆರನಿಗೆ ಎಟಕುತ್ತಿತ್ತೇ?’ ಎಂಬ ಪ್ರಶ್ನೆಯೊಂದೇ ಎಷ್ಟೋ ಚರ್ಚೆಗಳನ್ನು ಮುಗಿಸಬಲ್ಲದು. ಕಲ್ಪನೆಯ ಮನುಷ್ಯನೊಬ್ಬನ ಬಡತನವು ನಿಜವಾದ ಕಲ್ಲಿನ ಗೋಡೆಯ ಅಳತೆಯನ್ನು ನಿರ್ಣಯಿಸಿತು! ಕಥೆ ಬರೆಯುವವರು ಮಾಡಬೇಕಾದುದೂ ಇದನ್ನೇ. ನಾಯಕನ ಕಣ್ಣಿನ ಬಣ್ಣವನ್ನು ಯೋಚಿಸುವುದಕ್ಕೆ ಮೊದಲು ಅವನ ವರಮಾನವನ್ನು ಯೋಚಿಸುವುದು ಮೇಲು.

ಗೆಡೆಲೋನಿನಲ್ಲಿ ಲಂಬಕೋನವನ್ನು ಗುರುತಿಸುವುದಕ್ಕೆ ಹನ್ನೆರಡು ಸಮಭಾಗಗಳಾಗುವಂತೆ ಗಂಟುಹಾಕಿದ ಹಗ್ಗವನ್ನು ಬಳಸುತ್ತಾರೆ. ಮೂರು, ನಾಲ್ಕು, ಐದು ಭಾಗಗಳ ಬಾಹುಗಳಾಗುವಂತೆ ಅದನ್ನು ಎಳೆದು ಹಿಡಿದರೆ ಒಂದು ಮೂಲೆಯಲ್ಲಿ ಲಂಬಕೋನವು ತಾನಾಗಿ ಸಿದ್ಧವಾಗುತ್ತದೆ. ಪೈಥಾಗೊರಸನ ಹೆಸರನ್ನೇ ಕೇಳದ, ಓದು ಬಾರದ ಕಲ್ಲುಕುಟಿಗನೂ ಈ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಓಡಾಡಬಹುದು. ಅಂಥವನು ಕಥೆಯಲ್ಲಿ ಬಂದರೆ ಅವನ ಜಾಣ್ಮೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಭಾರವಾದ ಕಲ್ಲನ್ನು ಮೇಲಕ್ಕೆತ್ತಲು ಅಲ್ಲಿರುವುದು ಮನುಷ್ಯನು ಒಳಗೆ ನಿಂತು ನಡೆಯುವ ಮರದ ದೊಡ್ಡ ಗಾಲಿ; ಫ್ರೆಂಚರು ಅದನ್ನು ಅಳಿಲಿನ ಪಂಜರ ಎನ್ನುತ್ತಾರೆ. ಅವನು ನಡೆದಂತೆಲ್ಲ ಗಾಲಿ ತಿರುಗುತ್ತದೆ, ಅದರ ಅಚ್ಚಿಗೆ ಹಗ್ಗ ಸುತ್ತಿಕೊಳ್ಳುತ್ತದೆ, ಕಲ್ಲು ಏರುತ್ತದೆ. ಇಂಥ ಗಾಲಿಯೊಂದರ ಲೆಕ್ಕವನ್ನು ನೋಡೋಣ. ಗಾಲಿಯ ತ್ರಿಜ್ಯ 2 ಮೀಟರ್, ಅಚ್ಚಿನ ತ್ರಿಜ್ಯ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ನಡೆಯುವವನ ತೂಕ 60 ಕಿಲೋಗ್ರಾಂ. ಅವನು ಗಾಲಿಯ ತಳದಿಂದ 30 ಡಿಗ್ರಿಯಷ್ಟು ಮುಂದಕ್ಕೆ ಹೆಜ್ಜೆಯಿಟ್ಟರೆ ಅಚ್ಚಿನಿಂದ ಅವನಿಗಿರುವ ಅಡ್ಡದೂರ ಸರಿಯಾಗಿ 1 ಮೀಟರ್. ಸನ್ನೆಯ ನಿಯಮದಂತೆ, ಘರ್ಷಣೆಯನ್ನು ಗಣಿಸದಿದ್ದರೆ, ಅವನೊಬ್ಬನೇ 400 ಕಿಲೋಗ್ರಾಂ ಕಲ್ಲನ್ನು ತೂಗಿಸಬಲ್ಲನು. ಅದ್ಭುತವೇ ಸರಿ. ಆದರೆ ಪ್ರಕೃತಿಯು ಸಾಲ ಕೊಟ್ಟುದನ್ನು ಬಿಡದೆ ವಸೂಲು ಮಾಡುತ್ತದೆ. ಆ ಕಲ್ಲು 10 ಮೀಟರ್ ಮೇಲೇರಬೇಕಾದರೆ ಅಚ್ಚು ಸುಮಾರು ಹತ್ತೂವರೆ ಸುತ್ತು ತಿರುಗಬೇಕು. ಅಷ್ಟರಲ್ಲಿ ಒಳಗಿನವನು 133 ಮೀಟರ್ ನಡೆದಿರುತ್ತಾನೆ. ಅದೂ ಸಮನೆಲದಲ್ಲಲ್ಲ, ಏರಿನಲ್ಲಿ. ಅವನು ಹತ್ತಿದ ಒಟ್ಟು ಎತ್ತರ 66 ಮೀಟರಿಗೂ ಹೆಚ್ಚು. ಒಂದು ಕಲ್ಲಿಗೆ ಇಷ್ಟು. ದಿನಕ್ಕೆ ಇಪ್ಪತ್ತು ಕಲ್ಲುಗಳೇರಿದರೆ ಅವನು ಸಾವಿರದ ಮುನ್ನೂರು ಮೀಟರ್ ಎತ್ತರದ ಬೆಟ್ಟವನ್ನು ಹತ್ತಿದಂತಾಯಿತು. ಇಷ್ಟೆಲ್ಲ ಹತ್ತಿಯೂ ಸಂಜೆಗೆ ಅವನು ಇದ್ದಲ್ಲಿಯೇ ಇದ್ದಾನೆ. ಇದಕ್ಕಿಂತ ಹೆಚ್ಚಿನ ಪಾತ್ರಪರಿಚಯವನ್ನು ಯಾವ ವಿಶೇಷಣವು ಮಾಡಬಲ್ಲದು?

ಇಂಥವರ ಕೂಲಿಯ ವಿಷಯಕ್ಕೆ ಬರೋಣ. ವೇಲ್ಸ್ ದೇಶದ ಆಂಗ್ಲಸೀ ದ್ವೀಪದಲ್ಲಿ ಇಂಗ್ಲೆಂಡಿನ ಮೊದಲನೆಯ ಎಡ್ವರ್ಡನು 1295ರಲ್ಲಿ ಬೋಮಾರಿಸ್ ಕೋಟೆಯನ್ನು ಕಟ್ಟಿಸತೊಡಗಿದನು. ಮೇಸ್ತ್ರಿ ಸೇಂಟ್ ಜಾರ್ಜಿನ ಜೇಮ್ಸ್. ಈತನು 1296ರ ಫೆಬ್ರವರಿಯಲ್ಲಿ ರಾಜನ ಖಜಾನೆಯವರಿಗೆ ಬರೆದ ಪತ್ರವು ಉಳಿದುಬಂದಿದೆ. ತನಗೆ 400 ಕಲ್ಲುಕೆಲಸದವರು, 2,000 ಕೂಲಿಯಾಳುಗಳು, ಕಲ್ಲುಗಣಿಗೆ 200 ಮಂದಿ, 30 ಮಂದಿ ಕಮ್ಮಾರರು, ಮತ್ತೆ ಬಡಗಿಗಳು, 100 ಗಾಡಿಗಳು, 60 ಬಂಡಿಗಳು, ಕಲ್ಲನ್ನೂ ಕಲ್ಲಿದ್ದಲನ್ನೂ ತರಲು 30 ದೋಣಿಗಳು ಬೇಕೆಂದೂ, ವಾರಕ್ಕೆ 250 ಪೌಂಡಿಗೆ ಕಡಿಮೆಯಾದರೆ ಕೆಲಸ ಸಾಗದೆಂದೂ ಅದರಲ್ಲಿ ಹೇಳಿದ್ದಾನೆ. ಆಳುಗಳ ಕೂಲಿ ಬಹಳ ಬಾಕಿ ನಿಂತಿದೆ, ಅವರಿಗೆ ಹೊಟ್ಟೆಗಿಲ್ಲ, ಹೀಗಾದರೆ ಅವರನ್ನು ಉಳಿಸಿಕೊಳ್ಳುವುದೇ ಕಷ್ಟವೆಂದೂ ಬರೆದಿದ್ದಾನೆ. ಹಣ ಬೇಕಾದಷ್ಟು ಬರಲಿಲ್ಲ. ರಾಜನ ಗಮನ ಸ್ಕಾಟ್ಲೆಂಡಿನ ಯುದ್ಧದ ಕಡೆಗೆ ಹರಿಯಿತು. ಬೋಮಾರಿಸ್ ಕೋಟೆಯ ಬುರುಜುಗಳು ಯೋಜಿಸಿದ ಎತ್ತರಕ್ಕೆ ಏರಲೇ ಇಲ್ಲ; ಸುಮಾರು 1330ರಲ್ಲಿ ಕೆಲಸ ನಿಂತೇಹೋಯಿತು. ಒಂದರೊಳಗೊಂದು ಸುತ್ತುಗೋಡೆಗಳಿರುವ ಕೋಟೆಗಳಲ್ಲಿ ಇದರಷ್ಟು ಅಚ್ಚುಕಟ್ಟಾದ ನಕ್ಷೆಯುಳ್ಳದ್ದು ಅಪೂರ್ವವೆಂದು ತಿಳಿದವರು ಹೇಳುತ್ತಾರೆ. ನಕ್ಷೆಯು ಪರಿಪೂರ್ಣ, ಕಟ್ಟಡವು ಅರ್ಧ. ಇಂಥ ಕೋಟೆಯಲ್ಲಿ ಕಥೆ ನಡೆದರೆ ಗೋಡೆ ಎಲ್ಲಿ ತಗ್ಗಾಗಿದೆಯೆಂಬ ಗುಟ್ಟು ಯಾರಿಗೆ ಗೊತ್ತಿರುತ್ತದೆ? ಕೂಲಿ ಸಿಗದೆ ಊರಿಗೆ ಹೊರಟುಹೋದ ಕಲ್ಲುಕೆಲಸದವನಿಗೆ. ದ್ರೋಹಿಯಾದ ಮಂತ್ರಿಯನ್ನು ಹುಡುಕುತ್ತ ಹೋಗುವ ಅಗತ್ಯವೇ ಇಲ್ಲ.

ಇನ್ನು ಬಾವಿ. ಕಥೆಗಳಲ್ಲಿ ನೆಲಮಾಳಿಗೆಯ ಸೆರೆಮನೆಗೆ ದೊರೆಯುವ ಮರ್ಯಾದೆ ಬಾವಿಗೆ ದೊರೆಯುವುದಿಲ್ಲ. ಇದು ತಲೆಕೆಳಗಾದ ಕ್ರಮ. ಸೆರೆಮನೆಯಿಲ್ಲದೆ ಕೋಟೆ ನಡೆದೀತು, ಬಾವಿಯಿಲ್ಲದೆ ನಡೆಯದು. ಇಂಗ್ಲೆಂಡಿನ ಡೋವರ್ ಕೋಟೆಯು ಸುಣ್ಣದ ಮೆತುಗಲ್ಲಿನ ಗುಡ್ಡದ ಮೇಲಿದೆ. ಅದರ ದೊಡ್ಡ ಗೋಪುರದೊಳಗಿನ ಬಾವಿಯ ಆಳ 100 ಮೀಟರಿಗೂ ಹೆಚ್ಚು. ಅಷ್ಟು ಆಳದ ಬಾವಿಗೆ ಕಲ್ಲೊಂದನ್ನು ಬಿಟ್ಟರೆ ಅದು ನೀರನ್ನು ಮುಟ್ಟಲು ಸುಮಾರು ನಾಲ್ಕೂವರೆ ಸೆಕೆಂಡು, ಸಪ್ಪಳವು ಮೇಲಕ್ಕೆ ಬರಲು ಮತ್ತೆ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ ಸೆಕೆಂಡು ಬೇಕು. ಕಥೆಯ ಪಾತ್ರವೊಂದು ಕಲ್ಲೆಸೆದು ‘ಒಡನೆಯೇ ಗುಳಕ್ಕೆಂದಿತು’ ಎಂದು ಬರೆಯುವವರು ಐದು ಎಣಿಸುವಷ್ಟು ಹೊತ್ತು ಅವನನ್ನು ಬಾವಿಯ ಕಟ್ಟೆಯ ಮೇಲೆ ಬಾಗಿ ನಿಲ್ಲಿಸಬಹುದು. ಭಯ ಹುಟ್ಟಲು ಅಷ್ಟು ಹೊತ್ತು ಸಾಕು.

ಈ ಬಾವಿಯಿಂದ ಎಷ್ಟು ನೀರನ್ನು ಸೇದಬೇಕು? ಕೋಟೆಯಲ್ಲಿ 150 ಜನರಿದ್ದು, ತಲೆಗೆ ಮೂರು ಲೀಟರಿನಂತೆ ಕುಡಿಯುವುದಕ್ಕೆ ಮಾತ್ರ ಕೊಟ್ಟರೆ 450 ಲೀಟರ್. ಇಪ್ಪತ್ತು ಕುದುರೆಗಳಿಗೆ ತಲಾ 30 ಲೀಟರಿನಂತೆ 600 ಲೀಟರ್. ನೂರೈವತ್ತು ಮನುಷ್ಯರಿಗಿಂತ ಇಪ್ಪತ್ತು ಕುದುರೆಗಳು ಹೆಚ್ಚು ಕುಡಿದುಬಿಡುತ್ತವೆ. ಮುತ್ತಿಗೆ ಬಿದ್ದ ವಾರದೊಳಗೆ ಕುದುರೆಗಳ ಗತಿಯೇನೆಂಬ ಜಗಳ ಕೋಟೆಯಲ್ಲಿ ಹುಟ್ಟಲೇಬೇಕು. ಕುದುರೆಯಿಲ್ಲದ ಸರದಾರನು ಸರದಾರನೇ ಅಲ್ಲವಲ್ಲ! ಇರಲಿ, ಒಟ್ಟು 1,050 ಲೀಟರ್. 15 ಲೀಟರ್ ಹಿಡಿಯುವ ಬಾನಿಯಿಂದ ಸೇದಿದರೆ ಎಪ್ಪತ್ತು ಸಲ. ಸೆಕೆಂಡಿಗೆ ಅರ್ಧ ಮೀಟರಿನಂತೆ ಎಳೆದರೂ ಬಾನಿ ಮೇಲೆ ಬರಲು ಮೂರು ನಿಮಿಷದ ಮೇಲಾಗುತ್ತದೆ. ಸುರಿದು ಮತ್ತೆ ಇಳಿಬಿಡುವುದೂ ಸೇರಿ ಏಳು ನಿಮಿಷ. ಎಪ್ಪತ್ತು ಸಲಕ್ಕೆ ಎಂಟು ಗಂಟೆಗೂ ಹೆಚ್ಚು. ನೂರು ಮೀಟರ್ ಸೆಣಬಿನ ಹಗ್ಗದ ತೂಕವೇ 30 ಕಿಲೋಗ್ರಾಮಿನಷ್ಟಿರುವುದರಿಂದ, ಎಳೆತದ ಆರಂಭದಲ್ಲಿ ನೀರಿಗಿಂತ ಹಗ್ಗವೇ ಭಾರ. ಹೀಗೆ ನಾವು ಹುಡುಕದೆಯೇ ಒಬ್ಬ ಹುಡುಗನು ಕಥೆಯೊಳಕ್ಕೆ ಬಂದನು. ಸೂರ್ಯೋದಯದಿಂದ ಸಂಜೆಯವರೆಗೆ ಬಾವಿಯ ಬಳಿಯಲ್ಲಿಯೇ ಇರುವವನು, ಎಲ್ಲರ ಮಾತನ್ನೂ ಕೇಳುವವನು, ನೀರಿನ ಮಟ್ಟವು ನಿನ್ನೆಗಿಂತ ಕೆಳಗಿಳಿದಿದೆಯೆಂದು ಎಲ್ಲರಿಗಿಂತ ಮೊದಲು ತಿಳಿಯುವವನು ಅವನೇ. ಈ ಸಂಗತಿಯನ್ನು ಅವನು ಯಾರಿಗೆ ಹೇಳಬೇಕು?

ಹೊರಗಿನ ಹಗೆಯ ಕಡೆಗೂ ಸ್ವಲ್ಪ ನೋಡೋಣ. ಮಧ್ಯಯುಗದ ಅತ್ಯಂತ ದೊಡ್ಡ ಮುತ್ತಿಗೆಯಂತ್ರ ಟ್ರೆಬುಷೆ. ಹೊಲಕ್ಕೆ ನೀರೆತ್ತುವ ಏತವನ್ನು ಬಲ್ಲವರಿಗೆ ಇದರ ತತ್ತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ: ತೊಲೆಯ ಗಿಡ್ಡ ತುದಿಗೆ ಭಾರವಾದ ಪೆಟ್ಟಿಗೆ, ಉದ್ದನೆಯ ತುದಿಗೆ ಬಾನಿಯ ಬದಲು ಕವಣೆ. ಆರು ಟನ್ ಭಾರವು 4 ಮೀಟರ್ ಕೆಳಗಿಳಿದರೆ ಸುಮಾರು 2,35,000 ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ಅರ್ಧದಷ್ಟು 100 ಕಿಲೋಗ್ರಾಂ ಗುಂಡಿಗೆ ದಕ್ಕಿದರೂ ಅದು ಸೆಕೆಂಡಿಗೆ 48 ಮೀಟರ್ ವೇಗದಿಂದ ಹೊರಟು 200 ಮೀಟರಿನ ಆಚೆಗೆ ಬೀಳಬಲ್ಲದು. 1304ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯನ್ನು ಮುತ್ತಿದ ಎಡ್ವರ್ಡನು ಇಂಥ ಯಂತ್ರಗಳ ಭಾರಕ್ಕಾಗಿ ಸುತ್ತಣ ಚರ್ಚುಗಳ ಛಾವಣಿಯ ಸೀಸವನ್ನೇ ಕೀಳಿಸಿದನು. ‘ಯುದ್ಧತೋಳ’ ಎಂಬರ್ಥದ ಹೆಸರಿನ ಮಹಾಯಂತ್ರವೊಂದನ್ನು ಐವರು ಬಡಗಿಮೇಸ್ತ್ರಿಗಳು ಐವತ್ತರಷ್ಟು ಆಳುಗಳೊಡನೆ ಕಟ್ಟುತ್ತಿದ್ದರು. ಅಷ್ಟರಲ್ಲಿ ಕೋಟೆಯವರು ಶರಣಾಗತರಾಗುತ್ತೇವೆಂದರು. ಯಂತ್ರವನ್ನು ಪ್ರಯೋಗಿಸಿ ನೋಡುವವರೆಗೆ ಶರಣಾಗತಿಯನ್ನು ಎಡ್ವರ್ಡನು ಒಪ್ಪಲಿಲ್ಲ! ರಾಣಿಯೂ ಆಕೆಯ ಸಖಿಯರೂ ನೋಡುವುದಕ್ಕೆಂದು ಊರಿನ ಮನೆಯೊಂದರಲ್ಲಿ ಕಿಟಕಿಯನ್ನೂ ತೆರೆಸಿದ್ದನಂತೆ. ಕಲ್ಪನೆಯ ಕ್ರೂರರಾಜರನ್ನು ಸೃಷ್ಟಿಸುವವರು ಇದಕ್ಕಿಂತ ಸಹಜವಾದ ಕ್ರೌರ್ಯವನ್ನು ಕಲ್ಪಿಸುವುದು ಕಷ್ಟ.

ಆದರೆ ಗೋಡೆಯನ್ನು ಕೆಡಹುವುದರಲ್ಲಿ ಕವಣೆಗಿಂತ ಗುದ್ದಲಿಯೇ ಅನೇಕ ವೇಳೆ ಮೇಲಾಗಿತ್ತು. 1215ರ ಶರತ್ಕಾಲದಲ್ಲಿ ಜಾನ್ ದೊರೆಯು ರಾಚೆಸ್ಟರ್ ಕೋಟೆಯನ್ನು ಮುತ್ತಿದನು. ಅಲ್ಲಿನ ಗೋಪುರದ ಗೋಡೆ ಬುಡದಲ್ಲಿ 3.7 ಮೀಟರ್ ದಪ್ಪ. ಅವನ ಆಳುಗಳು ಗೋಪುರದ ಒಂದು ಮೂಲೆಯ ಅಡಿಯಲ್ಲಿ ಸುರಂಗವನ್ನು ತೋಡಿ, ಮೇಲಿನ ಭಾರಕ್ಕೆ ಮರದ ಕಂಬಗಳ ಆಸರೆ ಕೊಟ್ಟರು. ನವೆಂಬರ್ 25ರಂದು ದೊರೆಯಿಂದ ಆಜ್ಞೆ ಹೋಯಿತು: ತಿನ್ನಲು ಯೋಗ್ಯವಲ್ಲದ, ಚೆನ್ನಾಗಿ ಕೊಬ್ಬಿದ ನಲವತ್ತು ಹಂದಿಗಳನ್ನು ಕೂಡಲೇ ಕಳುಹಿಸಬೇಕು. ಆ ಕೊಬ್ಬಿನ ಉರಿಯಲ್ಲಿ ಕಂಬಗಳು ಸುಟ್ಟುಹೋದುವು, ಮೂಲೆ ಕುಸಿಯಿತು. ಇಲ್ಲಿ ಬೆಂಕಿಯು ಕಲ್ಲನ್ನು ಒಡೆಯಲಿಲ್ಲ, ಮರವನ್ನಷ್ಟೇ ಸುಟ್ಟಿತು. ಕಲ್ಲನ್ನು ಒಡೆದದ್ದು ಕಲ್ಲಿನದೇ ತೂಕ. ಒಳಗಿನವರು ಗೋಪುರದ ನಡುಗೋಡೆಯ ಹಿಂದೆ ಸರಿದು ಮತ್ತೂ ಹೋರಾಡಿದರು. ನವೆಂಬರ್ 30ರಂದು ಅವರನ್ನು ಶರಣಾಗಿಸಿದ್ದು ಹಸಿವು. ಕುಸಿದ ಚೌಕಮೂಲೆಯ ಜಾಗದಲ್ಲಿ ಆಮೇಲೆ ಕಟ್ಟಿದ ದುಂಡುಮೂಲೆಯನ್ನು ಇಂದಿಗೂ ಕಾಣಬಹುದು.

ಇದೇ ಗೋಡೆಯ ಮುಂದೆ ಬೆಂಕಿಯುಗುಳುವ ಡ್ರ್ಯಾಗನ್ನನ್ನು ತಂದು ನಿಲ್ಲಿಸೋಣ. ಒಂದು ಕಿಲೋಗ್ರಾಂ ಅಗ್ನಿಶಿಲೆಯನ್ನು ಕಾಯಿಸಿ ಕರಗಿಸಲು ಸುಮಾರು 15 ಲಕ್ಷ ಜೌಲ್ ಬೇಕು. ಒಂದು ಕಿಲೋಗ್ರಾಂ ಒಣಸೌದೆಯಲ್ಲಿರುವುದು ಒಂದೂವರೆ ಕೋಟಿ ಜೌಲ್. ಎಂದರೆ ಒಂದು ಟನ್ ಕಲ್ಲಿಗೆ, ಶಾಖವು ಒಂದಿಷ್ಟೂ ಪೋಲಾಗದಿದ್ದರೆ, 100 ಕಿಲೋಗ್ರಾಂ ಸೌದೆ. ರಾಚೆಸ್ಟರಿನ ಗೋಡೆಯಲ್ಲಿ ಒಂದು ಚದರ ಮೀಟರಿನ ಕಂಡಿಯಲ್ಲಿರುವ ಕಲ್ಲು ಒಂಬತ್ತು ಟನ್. ಡ್ರ್ಯಾಗನ್ ಒಬ್ಬ ಮನುಷ್ಯನು ನುಸುಳುವಷ್ಟು ಕಂಡಿಯನ್ನು ಕೊರೆಯಬೇಕಾದರೂ ಸುಮಾರು ಒಂದು ಟನ್ ಸೌದೆಯ ಶಕ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರಬೇಕು. (ಅಲ್ಲಿನ ಕಲ್ಲು ವಾಸ್ತವವಾಗಿ ಸುಣ್ಣಕಲ್ಲಿನ ಜಾತಿಯದು, ಅದು ಕರಗದೆ ಸುಟ್ಟು ಸುಣ್ಣವಾಗುತ್ತದೆ, ಅದಕ್ಕೆ ಇನ್ನೂ ಹೆಚ್ಚು ಶಾಖ ಬೇಕು.) ಹೀಗೆಂದ ಮಾತ್ರಕ್ಕೆ ಡ್ರ್ಯಾಗನ್ ಬೇಡವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಏನನ್ನು, ಎಷ್ಟನ್ನು, ಯಾರು ತಿನ್ನಿಸುತ್ತಾರೆಂಬುದನ್ನು ಯೋಚಿಸಿದರೆ ಡ್ರ್ಯಾಗನ್ನಿಗಿಂತ ಅದರ ಮೇವಿನವನು ಒಳ್ಳೆಯ ಪಾತ್ರವಾದಾನು. ರಾಕ್ಷಸನಿಗೂ ಇದೇ ಮಾತು. ಗೆಲಿಲಿಯೋ 1638ರಷ್ಟು ಹಿಂದೆಯೇ ತೋರಿಸಿಕೊಟ್ಟಂತೆ, ಮನುಷ್ಯನಿಗಿಂತ ಮೂರರಷ್ಟು ಎತ್ತರದವನ ತೂಕವು ಇಪ್ಪತ್ತೇಳರಷ್ಟಾದರೆ, ಮೂಳೆಯ ಅಡ್ಡಕೊಯ್ತವು ಒಂಬತ್ತರಷ್ಟೇ ಆಗುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅವನ ಮೂಳೆ ನಮ್ಮದಕ್ಕಿಂತ ಮೂರರಷ್ಟು ಒತ್ತಡವನ್ನು ತಾಳಬೇಕು. ಮೆಟ್ಟಿಲಿಳಿಯಲು ಹೆದರುವ ರಾಕ್ಷಸನನ್ನು ನಾನು ಇನ್ನೂ ಯಾವ ಕಥೆಯಲ್ಲಿಯೂ ಕಂಡಿಲ್ಲ.

ಕೋಟೆಗಳ ಬಗ್ಗೆ ಪ್ರಚಲಿತವಾಗಿರುವ ಕೆಲವು ‘ವಿಷಯ’ಗಳನ್ನು ನೆಚ್ಚದಿರುವುದೂ ಒಳ್ಳೆಯದು. ಸುರುಳಿಮೆಟ್ಟಿಲುಗಳು ಬಲಕ್ಕೆ ತಿರುಗುವುದು ಮೇಲಿನವನ ಕತ್ತಿಗೆ ಅನುಕೂಲವಾಗಲೆಂದು ಎಂಬ ಮಾತನ್ನು ಎಲ್ಲೆಲ್ಲಿಯೂ ಓದುತ್ತೇವೆ. ಎಡಕ್ಕೆ ತಿರುಗುವವೂ ಬೇಕಾದಷ್ಟಿವೆ, ಆ ಕಾರಣಕ್ಕೆ ಗಟ್ಟಿಯಾದ ಪ್ರಮಾಣವಿಲ್ಲ. ಕುದಿಯುವ ಎಣ್ಣೆಯನ್ನು ಕೊಡಗಟ್ಟಲೆ ಸುರಿಯುವುದೂ ಹಾಗೆಯೇ. ಎಣ್ಣೆ ದುಬಾರಿ, ಕಲ್ಲೂ ಬಿಸಿನೀರೂ ಅಗ್ಗ. ಗೋಪುರದಲ್ಲಿ ಕಣ್ಣೀರಿಡುವ ರಾಜಕುಮಾರಿಯ ವಿಷಯದಲ್ಲಿಯಂತೂ ಇತಿಹಾಸವು ಕಥೆಗಾರರಿಗಿಂತ ಉದಾರವಾಗಿದೆ. ಲಿಂಕನ್ ಕೋಟೆಯ ಅಧಿಕಾರವು ನಿಕೋಲಾ ಡ ಲಾ ಹೇ ಎಂಬಾಕೆಗೆ ತಂದೆಯಿಂದ ಬಂದಿತ್ತು. ಅರುವತ್ತು ದಾಟಿದ ಆಕೆ ‘ವಯಸ್ಸಾಯಿತು, ಬೀಗದ ಕೈಗಳನ್ನು ತೆಗೆದುಕೊಳ್ಳಿ’ ಎಂದು ಒಪ್ಪಿಸಹೋದಾಗ ಜಾನ್ ದೊರೆಯು ಅವುಗಳನ್ನು ಆಕೆಯಲ್ಲಿಯೇ ಉಳಿಸಿದನು. 1217ರಲ್ಲಿ ಊರು ಹಗೆಯ ವಶವಾದರೂ ಆಕೆ ಕೋಟೆಯನ್ನು ಬಿಟ್ಟುಕೊಡಲಿಲ್ಲ. ಮೇ 20ರಂದು ರಾಜಸೈನ್ಯವು ಬಂದು ಮುತ್ತಿಗೆಯನ್ನು ಮುರಿಯಿತು.

ಕಡೆಯದಾಗಿ ಷಾಟೋ ಗಯ್ಯಾರ್. ಸೀನ್ ನದಿಯ ತಿರುವಿನಲ್ಲಿ, ನೀರಿನಿಂದ ಸುಮಾರು 90 ಮೀಟರ್ ಎತ್ತರದ ಸುಣ್ಣಬಂಡೆಯ ಮೇಲೆ, ಸಿಂಹಹೃದಯನೆನಿಸಿದ ರಿಚರ್ಡನು 1196ರಿಂದ 1198ರವರೆಗೆ ಎರಡೇ ವರ್ಷಗಳಲ್ಲಿ ಕಟ್ಟಿಸಿದ ಕೋಟೆಯಿದು. ಅವನು ಸತ್ತ ಮೇಲೆ, 1203ರಲ್ಲಿ, ಫಿಲಿಪ್ ಆಗಸ್ಟಸನು ಅದನ್ನು ಮುತ್ತಿದನು. ಕೋಟೆಯ ಅಧಿಪತಿ ರೋಜರ್ ಡ ಲೇಸಿ. ಕೆಳಗಿನ ಊರು ಫ್ರೆಂಚರ ವಶವಾದಾಗ ಊರಿನವರು ಗಂಡಸರು, ಹೆಂಗಸರು, ಮಕ್ಕಳೆನ್ನದೆ ಸಾವಿರಕ್ಕೂ ಮೀರಿ ಓಡಿಬಂದು ಕೋಟೆಯನ್ನು ಹೊಕ್ಕರು. ರೋಜರನು ಬಾಗಿಲು ತೆರೆದನು.

ಅಂದು ರಾತ್ರಿ ಅವನು ಹಾಕಿರಬಹುದಾದ ಲೆಕ್ಕವನ್ನು ನಾವೂ ಹಾಕೋಣ. ಕಾವಲಿನವರು 300 ಮಂದಿಯೆಂದೂ, ಅವರಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಧಾನ್ಯವಿದೆಯೆಂದೂ ಇಟ್ಟುಕೊಂಡರೆ, ಉಗ್ರಾಣದಲ್ಲಿರುವುದು 1,09,500 ದಿನದೂಟಗಳು. ಒಳಗೆ ಬಂದವರು 1,500 ಎಂದಾದರೆ ಉಣ್ಣುವವರು 1,800. ಭಾಗಿಸಿ ನೋಡಿ: ಅರುವತ್ತೊಂದು ದಿನ. ಹನ್ನೆರಡು ತಿಂಗಳು ತಡೆಯಬೇಕಾದ ಯಂತ್ರವು ಎರಡೇ ತಿಂಗಳಿಗೆ ನಿಲ್ಲುತ್ತದೆ. ರೋಜರನು ಅವರಲ್ಲಿ ಐನೂರು ಮಂದಿಯನ್ನು ಹೊರಕ್ಕೆ ಕಳುಹಿಸಿದನು. ಫ್ರೆಂಚ್ ಸೈನಿಕರು ಅವರನ್ನು ತಮ್ಮ ಸಾಲನ್ನು ದಾಟಿ ಹೋಗಗೊಟ್ಟರು. ಬಳಿಕ ಮತ್ತೆ ಅಷ್ಟೇ ಮಂದಿಯನ್ನು ಕಳುಹಿಸಿದನು, ಅವರೂ ದಾಟಿದರು. ಇದು ಫಿಲಿಪನ ಕಿವಿಗೆ ಬಿದ್ದಿತು. ಅದೇ ಲೆಕ್ಕವನ್ನು ಅವನೂ ಬಲ್ಲನಷ್ಟೆ? ಇನ್ನು ಮುಂದೆ ಒಬ್ಬರನ್ನೂ ಬಿಡಕೂಡದೆಂದು ಆಜ್ಞಾಪಿಸಿದನು. ಉಳಿದ ನೂರಾರು ಮಂದಿ ಹೊರಗೆ ಬಂದಾಗ ಮುಂದಿನಿಂದ ಬಾಣಗಳು ಬಿದ್ದುವು. ಹಿಂದಿರುಗಿದರೆ ಕೋಟೆಯ ಬಾಗಿಲು ಮುಚ್ಚಿತ್ತು.

ಆ ಚಳಿಗಾಲವನ್ನು ಅವರು ಕೋಟೆಗೂ ಹಗೆಯ ಸಾಲಿಗೂ ನಡುವೆ, ಕಂದಕಗಳಲ್ಲಿ, ಬಂಡೆಯ ಪೊಟರೆಗಳಲ್ಲಿ ಕಳೆದರು. ಹುಲ್ಲನ್ನೂ ಸೊಪ್ಪನ್ನೂ ನಾಯಿಗಳನ್ನೂ ತಿಂದರು. ಬಹುಮಂದಿ ಸತ್ತರು. ಕೊನೆಗೆ ಅವರನ್ನು ಕಣ್ಣಾರೆ ಕಂಡ ಫಿಲಿಪನೇ ಉಳಿದವರನ್ನು ಹಾದುಹೋಗಗೊಟ್ಟನು. ಇದನ್ನು ನಮಗೆ ತಿಳಿಸಿರುವವನು ಫಿಲಿಪನ ಪುರೋಹಿತನಾಗಿದ್ದ ಬ್ರೆಟನ್ ವಿಲಿಯಂ.

ಕೋಟೆಯು ಬಿದ್ದದ್ದು 1204ರ ಮಾರ್ಚ್ 6ರಂದು. ಹೊರಸುತ್ತಿನ ಬುರುಜನ್ನು ಸುರಂಗದಿಂದ ಕೆಡಹಿದ ಮೇಲೆ, ನಡುಸುತ್ತಿನೊಳಕ್ಕೆ ಬೊಗಿಸ್ ಎಂಬ ಸಿಪಾಯಿಯು ಕೆಲವರೊಡನೆ ಪ್ರಾರ್ಥನಾಮಂದಿರದ ಕಿಟಕಿಯೊಂದರಿಂದ ನುಸುಳಿದನು. ಶೌಚದ ಕಂಡಿಯಿಂದ ಹತ್ತಿದನೆಂದು ಹೇಳುವವರೂ ಉಂಟು. ನಮ್ಮ ಒನಕೆ ಓಬವ್ವನ ಕಿಂಡಿಯನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಅಲ್ಲಿ ಓಬವ್ವನಿದ್ದಳು, ಇಲ್ಲಿ ಯಾರೂ ಇರಲಿಲ್ಲ. ರೋಜರನು ಸೆರೆಯಾದನು, ಬಿಡುಗಡೆಯ ಹಣಕ್ಕೆ ಜಾನ್ ದೊರೆಯು ನೆರವಾದನು, ಮುಂದೆ ಯಾರ್ಕ್‌ಷೈರಿನ ಅಧಿಕಾರಿಯೂ ಆದನು. ಕಿಟಕಿಯಿಂದ ನುಸುಳಿದ ಸಿಪಾಯಿಯ ಹೆಸರನ್ನು ಕೂಡ ವಿಲಿಯಂ ಬರೆದಿಟ್ಟಿದ್ದಾನೆ. ಮೂರನೆಯ ಗುಂಪು ಹೊರಗೆ ಹೋದ ಮೇಲೆ ಬಾಗಿಲಿಗೆ ಅಗಳಿಯನ್ನು ಹಾಕಿದವನು ಯಾರು, ಆ ಗುಂಪಿನಲ್ಲಿ ಅವನಿಗೆ ಗುರುತಿನವರು ಇದ್ದರೇ, ಅವನು ಅಂದು ರಾತ್ರಿ ತನ್ನ ಪಾಲಿನ ರೊಟ್ಟಿಯನ್ನು ತಿಂದನೇ ಎಂಬುದು ಅದರಲ್ಲಿಲ್ಲ.